ಗುಂಡು ಹಾರಿಸುವಾಗ ನಿನಗೇನು ಗೊತ್ತಿತ್ತು?

ಒಂದು ಪಾಳುಕಟ್ಟಡದಲ್ಲಿ ಹದಿನಾರು ಜನ ಇದ್ದಾರೆ ಎಂದುಕೊಳ್ಳಿ. ಎಲ್ಲರ ಕೈಯಲ್ಲೂ ಬಂದೂಕಿದೆ. ಅವರಲ್ಲಿ ನಾಲ್ವರು ದ್ರೋಹಿಗಳು. ಆ ನಾಲ್ವರಿಗೆ ಪರಸ್ಪರ ಗುರುತುಂಟು. ಉಳಿದವರು ನಿರಪರಾಧಿಗಳು, ಅವರಿಗೆ ತಮ್ಮ ಹೊರತು ಇನ್ನಾರ ಗುರುತೂ ಇಲ್ಲ. ಇಬ್ಬರು ಮಾತ್ರ ಎಲ್ಲರಿಗೂ ಕಾಣುವಂತೆ ಪತ್ತೇದಾರರು. ಮೂಲೆಯೊಂದರಲ್ಲಿ ಹೆಣ ಸಿಗುತ್ತದೆ. ಅದರ ಪಕ್ಕದಲ್ಲೇ ನಿಂತಿದ್ದವನು ತಿರುಗಿ ನಿಮ್ಮನ್ನು ನೋಡುತ್ತಾನೆ. ಅವನ ಬಂದೂಕೂ ನಿಮ್ಮ ಕಡೆಗೆ ತಿರುಗುತ್ತದೆ. ನೀವು ಹೊಡೆಯಬಹುದೆ?

ಇದು 'ಟ್ರಬಲ್ ಇನ್ ಟೆರರಿಸ್ಟ್ ಟೌನ್', ಆಡುವವರ ಬಾಯಲ್ಲಿ ಟಿಟಿಟಿ. 'ಗ್ಯಾರಿಸ್ ಮಾಡ್' ಎಂಬ ಕಂಪ್ಯೂಟರ್ ಆಟದೊಳಗೆ ಬ್ಯಾಡ್ ಕಿಂಗ್ ಅರ್ಗ್ರೇನ್ ಎಂಬ ಅಂಕಿತನಾಮದವರು ಕಟ್ಟಿದ ಈ ಬಗೆ 2010ರಿಂದ ಆ ಆಟದ ಭಾಗವಾಗಿಯೇ ಬರುತ್ತಿದೆ. ಇದರ ಮೂಲ 1986ರ ಸುಮಾರಿಗೆ ಮಾಸ್ಕೊದಲ್ಲಿ ದಿಮಿತ್ರಿ ದವೀದಫ್ ಎಂಬ ಮನಶ್ಶಾಸ್ತ್ರದ ವಿದ್ಯಾರ್ಥಿ ರೂಪಿಸಿದ 'ಮಾಫಿಯಾ'. ವೃತ್ತವಾಗಿ ಕೂತು ಮಾತಿನಲ್ಲೇ ಕಳ್ಳನನ್ನು ಹಿಡಿಯುವ ಆಟ ಅದು. ಲಾಕ್‌ಡೌನಿನ ದಿನಗಳಲ್ಲಿ ನಮ್ಮ ಮಕ್ಕಳೆಲ್ಲ ಆಡಿದ 'ಅಮಂಗ್ ಅಸ್' ಕೂಡ ಇದೇ ಕುಲದ್ದು. ಆದರೆ ಮಾಫಿಯಾದಲ್ಲೂ ಅಮಂಗ್ ಅಸ್‌ನಲ್ಲೂ ನಿರಪರಾಧಿಗಳು ಒಬ್ಬನನ್ನು ಹೊರಹಾಕಬೇಕಾದರೆ ಕೂತು ಮಾತಾಡಿ ಮತ ಹಾಕಬೇಕು. ಟಿಟಿಟಿಯಲ್ಲಿ ಮತವಿಲ್ಲ. ಅನುಮಾನ ಹುಟ್ಟಿದ ಕ್ಷಣವೇ ತೀರ್ಪನ್ನೂ ಕೊಟ್ಟು ಶಿಕ್ಷೆಯನ್ನೂ ಮುಗಿಸಿಬಿಡುವ ಉಪಕರಣ ಪ್ರತಿಯೊಬ್ಬನ ಕೈಯಲ್ಲಿದೆ. ಹಾಗಾಗಿ ಆತ್ಮರಕ್ಷಣೆಯ ನಿಯಮವೇ ಇಲ್ಲಿ ಆಟದ ಬೆನ್ನೆಲುಬು. ಅದನ್ನು ತೆಗೆದರೆ ಉಳಿಯುವುದು ಹದಿನಾರು ಜನ ಒಬ್ಬರಿಗೊಬ್ಬರು ಗುಂಡು ಹಾರಿಸಿಕೊಳ್ಳುವ ಗದ್ದಲ. ಪತ್ತೇದಾರಿಕೆ ಅಲ್ಲಿ ಉಳಿಯುವುದಿಲ್ಲ.

ನನ್ನ ವಾದ ಇಷ್ಟು: ಹೊಡೆದವನು ಸರಿಯೋ ತಪ್ಪೋ ಎಂಬುದನ್ನು ಸತ್ತವನು ಯಾರಾಗಿದ್ದ ಎಂಬುದರ ಮೇಲೆ ಅಳೆಯಬಾರದು, ಹೊಡೆಯುವಾಗ ಹೊಡೆದವನಿಗೆ ಏನು ಗೊತ್ತಿತ್ತು ಎಂಬುದರ ಮೇಲೆ ಅಳೆಯಬೇಕು. ಮತ್ತು ಆ ಅಳತೆಯನ್ನು ಹೊಡೆದವನೇ ಮಾಡಬಾರದು.

ಕೇಳಲು ಸರಳವಾಗಿದೆ. ಆದರೆ ಆಟದ ಯಂತ್ರವೇ ಇದಕ್ಕೆ ಎದುರಾಗಿ ನಿಂತಿದೆ. ಟಿಟಿಟಿಯಲ್ಲಿ 'ಕರ್ಮ' ಎಂಬ ಲೆಕ್ಕವೊಂದಿದೆ. ಸಾಮಾನ್ಯವಾಗಿ ಪ್ರತಿಯೊಬ್ಬರೂ 1000 ಅಂಕದಿಂದ ಶುರುಮಾಡುತ್ತಾರೆ. ತನ್ನ ಪಕ್ಷದವನನ್ನೇ ಗಾಯಗೊಳಿಸಿದರೆ, ಕೊಂದರೆ ಅಂಕ ಇಳಿಯುತ್ತದೆ. ಅಂಕ ಇಳಿದವನ ಗುಂಡಿಗೆ ಮುಂದಿನ ಸುತ್ತಿನಲ್ಲಿ ಬಲ ಕಡಿಮೆ. 450ಕ್ಕಿಂತ ಕೆಳಗೆ ಹೋದರೆ ಸರ್ವರ್ ಅವನನ್ನು ಹೊರದಬ್ಬುತ್ತದೆ. ರಚನೆಕಾರರ ಜಾಣ್ಮೆ ಇನ್ನೊಂದಿದೆ: ಅಂಕದ ಏರಿಳಿತ ಸುತ್ತು ಮುಗಿಯುವ ತನಕ ಯಾರಿಗೂ ಕಾಣುವುದಿಲ್ಲ. ಕಂಡರೆ ಅದನ್ನೇ ನೋಡಿ ಸತ್ತವನು ದ್ರೋಹಿಯೋ ಅಲ್ಲವೋ ಎಂದು ಹೇಳಿಬಿಡಬಹುದಲ್ಲ. ಇಷ್ಟೆಲ್ಲ ಯೋಚಿಸಿ ಕಟ್ಟಿದ ವ್ಯವಸ್ಥೆಯೂ ಒಂದು ಪ್ರಶ್ನೆಯನ್ನು ಕೇಳುವುದೇ ಇಲ್ಲ, ಯಾಕೆ ಹೊಡೆದೆ ಎಂಬುದನ್ನು. ಕಣ್ಣು ಮುಚ್ಚಿ ಹೊಡೆದ ಗುಂಡಿಗೆ ದ್ರೋಹಿ ಬಿದ್ದರೆ ಹೊಡೆದವನ ಅಂಕ ಇಳಿಯದು. ತನ್ನ ಮೇಲೆ ಗುಂಡಿನ ಮಳೆ ಸುರಿಸುತ್ತಿದ್ದ ಅವಿವೇಕಿ ನಿರಪರಾಧಿಯನ್ನು ತಿರುಗಿ ಹೊಡೆದವನ ಅಂಕ ಇಳಿಯುತ್ತದೆ. ಯಂತ್ರಕ್ಕೆ ಫಲ ಕಾಣುತ್ತದೆ, ಕಾರಣ ಕಾಣುವುದಿಲ್ಲ.

ಈ ಕೊರತೆಯನ್ನು ತುಂಬಲೆಂದೇ ಸರ್ವರ್ ನಡೆಸುವವರು ತಮ್ಮ ತಮ್ಮ ನಿಯಮಾವಳಿಗಳನ್ನು ಬರೆದುಕೊಂಡರು. ಊರಿಂದೂರಿಗೆ ಬದಲಾಗುವ ಕಟ್ಟುಕಟ್ಟಳೆಗಳಂತೆ ಇವೂ ಸರ್ವರಿನಿಂದ ಸರ್ವರಿಗೆ ಬದಲಾಗುತ್ತವೆ. ತಿರುಳು ಮಾತ್ರ ಬಹುಮಟ್ಟಿಗೆ ಒಂದೇ. ಕಾರಣವಿಲ್ಲದೆ ಕೊಲ್ಲುವುದಕ್ಕೆ ಆರ್‌ಡಿಎಂ ಎನ್ನುತ್ತಾರೆ, ಅದು ದೊಡ್ಡ ತಪ್ಪು. ನಿನ್ನ ಮೇಲೆ ಗುಂಡು ಬಿದ್ದರೆ ತಿರುಗಿ ಹೊಡೆಯಬಹುದು. ಕಣ್ಣೆದುರಿಗೆ ಇನ್ನೊಬ್ಬನನ್ನು ಕೊಂದವನನ್ನು, ಬಾಂಬ್ ಇಡುತ್ತಿರುವವನನ್ನು ಹೊಡೆಯಬಹುದು. 'ಇಂಥವನನ್ನು ಕಂಡಲ್ಲಿ ಹೊಡೆಯಿರಿ' ಎಂದು ಕೂಗಿ ಹೇಳುವುದಕ್ಕೆ ಕೆಓಎಸ್ ಎಂದು ಹೆಸರು. ಕೂಗುವವನು ತಾನು ಕಂಡದ್ದನ್ನೇ ಕೂಗಬೇಕು. ಬೇಕೆಂದೇ ಹತ್ತಿರಕ್ಕೆ ಗುಂಡು ಹಾರಿಸಿ ಕೆಣಕಿ, ಎದುರಿನವನು ಹೊಡೆದಾಗ ದೂರು ಕೊಡುವವನ ದೂರಿಗೆ ಬೆಲೆಯಿಲ್ಲ. ಇವುಗಳ ಜೊತೆಗೆ ಎಷ್ಟೋ ಕಡೆ ಇನ್ನೊಂದು ಸಾಲೂ ಇರುತ್ತದೆ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಪ್ರೌಢವಾದ ಸಾಲು ಅದು: ಕಾರಣವಿಲ್ಲದೆ ಹೊಡೆದರೆ, ಸತ್ತವನು ದ್ರೋಹಿಯೇ ಆಗಿದ್ದರೂ ಅದು ತಪ್ಪು.

ಹುಡುಗರು ಹೆಚ್ಚು ಜಗಳಾಡುವುದು ಇದರ ಮೇಲೆಯೇ. "ಅವನು ಟ್ರೇಟರ್ ಆಗಿದ್ದನಲ್ಲ! ನಾನು ಸರಿಯಾಗಿಯೇ ಊಹಿಸಿದೆ, ನನಗೇಕೆ ಶಿಕ್ಷೆ?" ವಿಶಾಖಪಟ್ಟಣದ ಎಂವಿಪಿ ಕಾಲೊನಿಯ ಹಾಸ್ಟೆಲಿನಲ್ಲಿ ಕೂತ ಹುಡುಗನಾಗಲಿ, ವಿಜಯವಾಡದ ಬೆಂಜ್ ಸರ್ಕಲ್ ಬಳಿಯ ಮನೆಯಲ್ಲಿ ಕೂತ ಹುಡುಗಿಯಾಗಲಿ, ಬೆಂಗಳೂರಿನ ನಮ್ಮ ಮಕ್ಕಳಾಗಲಿ ಕೇಳುವುದು ಇದನ್ನೇ. ಆ ಪ್ರಶ್ನೆಯನ್ನು ತಳ್ಳಿಹಾಕಬಾರದು. ಅದಕ್ಕೆ ಸರಿಯಾದ ಉತ್ತರ ಕೊಡಬೇಕು.

ಉತ್ತರಕ್ಕೆ ಒಡಿಶಾದ ಒಂದು ಮೊಕದ್ದಮೆ ನೆರವಾಗುತ್ತದೆ. 1958ರಲ್ಲಿ ರಸಗೋವಿಂದಪುರದಲ್ಲಿ ಮಹಾಯುದ್ಧ ಕಾಲದ ಪಾಳು ವಿಮಾನ ನಿಲ್ದಾಣವಿತ್ತು. ಅಲ್ಲಿನ ಗುಜರಿ ಕೊಳ್ಳಲು ಕಲ್ಕತ್ತೆಯ ವ್ಯಾಪಾರಿಯೊಬ್ಬ ಬಂದ, ಜೊತೆಗೆ ರಾಮ್ ಬಹಾದ್ದೂರ್ ಥಾಪಾ ಎಂಬ ನೇಪಾಳಿ ಸೇವಕ. ಆ ಜಾಗದಲ್ಲಿ ದೆವ್ವಗಳಿವೆ ಎಂದು ಊರವರು ನಂಬಿದ್ದರು. ರಾತ್ರಿ ದೂರದಲ್ಲಿ ಮಿಣುಗುವ ಬೆಳಕು, ಅದರ ಸುತ್ತ ಆಡುವ ನೆರಳುಗಳು ಕಂಡವು. ಥಾಪಾ ಖುಕ್ರಿ ಹಿರಿದು ನುಗ್ಗಿದ. ದೆವ್ವಗಳೆಂದು ಅವನು ಕಡಿದದ್ದು ಲಾಟೀನಿನ ಬೆಳಕಿನಲ್ಲಿ ಹಿಪ್ಪೆ ಹೂ ಆಯುತ್ತಿದ್ದ ಆದಿವಾಸಿ ಹೆಂಗಸರನ್ನು. ಒಬ್ಬಾಕೆ ಸತ್ತಳು, ಇನ್ನಿಬ್ಬರು ಗಾಯಗೊಂಡರು. ಸೆಷನ್ಸ್ ನ್ಯಾಯಾಲಯ ಅವನನ್ನು ಬಿಡುಗಡೆ ಮಾಡಿತು. ಒಡಿಶಾ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅವನು ಪ್ರಾಮಾಣಿಕವಾಗಿ ತಪ್ಪು ತಿಳಿದಿದ್ದ, ಅವನಿದ್ದ ಸ್ಥಿತಿಯಲ್ಲಿ ಆ ತಪ್ಪು ತಿಳಿವಳಿಕೆಗೆ ಕಾರಣಗಳಿದ್ದವು ಎಂಬುದು ಆಧಾರ. ಹಳೆಯ ದಂಡಸಂಹಿತೆಯ 79ನೇ ಕಲಂ ಅದು, ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ 17ನೆಯದು.

ಈ ತೀರ್ಪನ್ನು ಓದುವಾಗಲೆಲ್ಲ ಆ ಹೆಂಗಸಿನ ಮನೆಯವರ ನೆನಪಾಗಿ ಮನಸ್ಸು ಭಾರವಾಗುತ್ತದೆ. ಥಾಪಾ ಟಾರ್ಚು ಹಾಕಿ ನೋಡಬಹುದಿತ್ತಲ್ಲವೆ ಎಂಬ ವಾದ ನ್ಯಾಯಾಲಯದಲ್ಲೂ ಬಂದಿತ್ತು. ಆದರೂ ಕಾನೂನು ಹಿಡಿದ ದಾರಿ ಮುಖ್ಯವಾದದ್ದು. ಫಲ ಇದಕ್ಕಿಂತ ಕೆಟ್ಟದಾಗಿರಲು ಸಾಧ್ಯವಿರಲಿಲ್ಲ. ಆದರೂ ಕೋರ್ಟು ಕೇಳಿದ್ದು ಆ ಕತ್ತಲಲ್ಲಿ ಅವನಿಗೆ ಏನು ಗೊತ್ತಿತ್ತು ಎಂದು. ಈಗ ಇದನ್ನು ತಿರುಗಿಸಿ ನೋಡಿ. ಕೆಟ್ಟ ಫಲವೊಂದೇ ಒಬ್ಬನನ್ನು ಅಪರಾಧಿ ಮಾಡಲಾರದು ಎಂದಾದರೆ, ಒಳ್ಳೆಯ ಫಲವೊಂದೇ ಒಬ್ಬನನ್ನು ನಿರ್ದೋಷಿ ಮಾಡಲಾರದು. ಕುರುಡು ಗುಂಡಿಗೆ ದ್ರೋಹಿ ಬಿದ್ದರೆ ಅದು ಅದೃಷ್ಟ. ಅದೃಷ್ಟಕ್ಕೆ ಶಹಬ್ಬಾಸ್‌ಗಿರಿ ಕೊಟ್ಟರೆ ಮುಂದಿನ ಸುತ್ತಿನಲ್ಲಿ ಎಲ್ಲರೂ ಅದೃಷ್ಟಪರೀಕ್ಷೆಗೆ ಇಳಿಯುತ್ತಾರೆ. ಆ ಹುಡುಗನಿಗೆ ಕೊಡಬೇಕಾದ ಉತ್ತರ ಇದು.

ಹಾಗಾದರೆ ಎಷ್ಟು ಗೊತ್ತಿದ್ದರೆ ಸಾಕು? ಆಟದಲ್ಲಿ ಅನುಮಾನಕ್ಕೆ ಕೊರತೆಯಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನು ಸಿಕ್ಕಿಬಿದ್ದ ಎಂಬ ಗಾದೆ ನಮ್ಮದು. ಆದರೆ ಎಲ್ಲರೂ ಹೆದರಿರುವ ಕಟ್ಟಡದಲ್ಲಿ ಕಳ್ಳನಲ್ಲದವನೂ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೆ. ಮೌನವಾಗಿದ್ದಾನೆ, ಒಬ್ಬನೇ ಓಡಾಡುತ್ತಿದ್ದಾನೆ, ಹೆಣದ ಹತ್ತಿರ ನಿಂತಿದ್ದ ಎಂಬುವೆಲ್ಲ ಪ್ರಶ್ನೆ ಕೇಳಲು, ಹಿಂಬಾಲಿಸಲು, ಪತ್ತೇದಾರನನ್ನು ಕರೆಯಲು ಸಾಕು. ಹೊಡೆಯಲು ಸಾಲವು. ಹೊಡೆಯಲು ಒಂದು ಕೃತ್ಯ ಬೇಕು, ಅಥವಾ ಕೃತ್ಯ ಇನ್ನೇನು ನಡೆಯಲಿದೆ ಎಂದು ಸಮಂಜಸವಾಗಿ ನಂಬಿಸುವ ಚಲನೆ ಬೇಕು. ನಮ್ಮ ಕಾನೂನೂ ಹೇಳುವುದು ಇದನ್ನೇ. ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳು ಆತ್ಮರಕ್ಷಣೆಯ ಹಕ್ಕನ್ನು ಕುರಿತವು. ಅಪಾಯದ ಸಮಂಜಸ ಭಯ ಹುಟ್ಟಿದೊಡನೆ ಹಕ್ಕು ಶುರುವಾಗುತ್ತದೆ. ಏಟು ಬೀಳುವ ತನಕ ಕಾಯಬೇಕಿಲ್ಲ. ಆ ಭಯ ಇರುವ ತನಕ ಹಕ್ಕಿರುತ್ತದೆ, ಭಯ ಹೋದೊಡನೆ ಹಕ್ಕೂ ಹೋಗುತ್ತದೆ. ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಅಪಾಯದ ನಡುವೆ ಇರುವವನು ತಕ್ಕಡಿಯಲ್ಲಿ ತೂಗಿ ಹೊಡೆಯಲಾರ ಎಂಬುದನ್ನೂ ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಒಪ್ಪಿದೆ. 2010ರ ದರ್ಶನ್ ಸಿಂಗ್ ಪ್ರಕರಣದಲ್ಲಿ ಈ ತತ್ವಗಳನ್ನೆಲ್ಲ ಒಟ್ಟುಗೂಡಿಸಿ ಕೊಟ್ಟಿದೆ. ಬೀಸುವ ದೊಣ್ಣೆ ತಪ್ಪಿಸಿಕೊಳ್ಳುವವನ ಕೈಯಲ್ಲಿ ಗಜಕಡ್ಡಿ ಕೊಡಬಾರದು.

ಹಾಗೆಂದು ಆಟಕ್ಕೆ ಕಾನೂನನ್ನು ಇಡಿಯಾಗಿ ಹೊದಿಸಲೂ ಬಾರದು. ನಿಜಜೀವನದಲ್ಲಿ ಓಡಿಹೋಗುತ್ತಿರುವ ಆಕ್ರಮಣಕಾರನ ಬೆನ್ನಿಗೆ ಗುಂಡು ಹೊಡೆದರೆ ಅದು ಆತ್ಮರಕ್ಷಣೆಯಲ್ಲ. ಪೊಲೀಸರಿದ್ದಾರೆ, ದೂರು ಕೊಡಬೇಕು. ಟಿಟಿಟಿಯ ಕಟ್ಟಡದೊಳಗೆ ಠಾಣೆಯಿಲ್ಲ, ಸೆರೆಮನೆಯಿಲ್ಲ. ನಿಮ್ಮ ಮೇಲೆ ಗುಂಡು ಹಾರಿಸಿ ಓಡಿದವನು ಇನ್ನೊಂದು ಬಾಗಿಲಿನಿಂದ ಮತ್ತೆ ಬರುತ್ತಾನೆ. ಆದ್ದರಿಂದ ಅಲ್ಲಿ ಬೆನ್ನಟ್ಟಿ ಹೊಡೆಯುವುದನ್ನು ಅನೇಕ ಸರ್ವರ್‌ಗಳು ಒಪ್ಪುತ್ತವೆ, ಅದು ಸರಿ. ಕೊನೆಗೆ ಮೂವರೇ ಉಳಿದು, ಒಬ್ಬ ದ್ರೋಹಿ ಇನ್ನೂ ಬದುಕಿರುವುದು ಖಚಿತವಿದ್ದು, ಅವರಲ್ಲೊಬ್ಬ ಪತ್ತೇದಾರನೂ ಆಗಿದ್ದರೆ ನಿರಪರಾಧಿಗೆ ಉಳಿದವನೇ ದ್ರೋಹಿ ಎಂದು ತರ್ಕದಿಂದಲೇ ಸಿದ್ಧವಾಗುತ್ತದೆ. ಅವನು ಬೆರಳೂ ಅಲ್ಲಾಡಿಸದೆ ನಿಂತಿದ್ದರೂ ಹೊಡೆಯಬಹುದು. ಇದು ಆತ್ಮರಕ್ಷಣೆಯಲ್ಲ, ಅನುಮಾನವೂ ಅಲ್ಲ. ಕಳೆದು ಕಳೆದು ತಲುಪಿದ ತಿಳಿವಳಿಕೆ. ಕಾರಣ ಹೇಳಬಲ್ಲವನಿಗೆ ಹೊಡೆಯುವ ಹಕ್ಕಿದೆ ಎಂಬ ಮೂಲಸೂತ್ರ ಅಲ್ಲೂ ಮುರಿಯುವುದಿಲ್ಲ.

ಫಲದಿಂದ ಅಳೆಯದ ಈ ನ್ಯಾಯ ನಮ್ಮ ಪುರಾಣಕ್ಕೂ ಹೊಸದಲ್ಲ. ವಿಜಯವಾಡದ ಕನಕದುರ್ಗೆಯ ಬೆಟ್ಟಕ್ಕೆ ಇಂದ್ರಕೀಲಾದ್ರಿ ಎಂದು ಹೆಸರು. ಅರ್ಜುನ ಪಾಶುಪತಾಸ್ತ್ರಕ್ಕಾಗಿ ತಪಸ್ಸು ಮಾಡಿದ್ದು ಅಲ್ಲೇ ಎಂದು ಆ ಊರಿನವರು ನಂಬುತ್ತಾರೆ. ಕನ್ನಡಿಗರಿಗೆ ಈ ಕಥೆ ಪಂಪ, ಕುಮಾರವ್ಯಾಸರಿಂದಲೂ, ಅದಕ್ಕಿಂತ ಹೆಚ್ಚಾಗಿ 'ಇಂದ್ರಕೀಲಕ' ತಾಳಮದ್ದಳೆಯಿಂದಲೂ ಪರಿಚಿತ. ಕೊಲ್ಲಲು ನುಗ್ಗಿ ಬರುವ ಹಂದಿ ಮೂಕಾಸುರ. ಅರ್ಜುನನ ಬಾಣವೂ ಬೇಡನ ವೇಷದಲ್ಲಿ ಬಂದ ಶಿವನ ಬಾಣವೂ ಒಟ್ಟಿಗೇ ನಾಟುತ್ತವೆ. ಯಾರು ಮೊದಲು ಗುರಿಯಿಟ್ಟದ್ದು? ಇನ್ನೊಬ್ಬನ ಬೇಟೆಗೆ ಬಾಣ ಬಿಡುವುದು ಬೇಟೆಯ ಧರ್ಮವೆ? ಒಬ್ಬರಿಗೆ ಎದುರಿನವರು ಯಾರೆಂದು ಗೊತ್ತು, ಇನ್ನೊಬ್ಬರಿಗೆ ಗೊತ್ತಿಲ್ಲ. ಹಂದಿಗೆ ಹೊಡೆದದ್ದು ಆತ್ಮರಕ್ಷಣೆ. ಬೇಡನ ಮೇಲೆ ಬಿಲ್ಲೆತ್ತಿದ್ದು ಬರೀ ಹಟ. ಒಳ್ಳೆಯ ಅರ್ಥಧಾರಿಗಳು ಈ ಎರಡರ ನಡುವಿನ ಗೆರೆಯನ್ನೇ ಹಿಡಿದು ಗಂಟೆಗಟ್ಟಲೆ ವಾದ ಬೆಳೆಸುತ್ತಾರೆ. ಶಿವ ಕೊನೆಗೆ ಮೆಚ್ಚುತ್ತಾನೆ. ದೇವರ ಮೇಲೆ ಕೈಮಾಡಿದವನೆಂಬ ಫಲದಿಂದ ಅವನು ಅರ್ಜುನನನ್ನು ಅಳೆಯುವುದಿಲ್ಲ; ಗುರುತು ತಿಳಿಯದೆ ನಿಂತು ಹೋರಾಡಿದ ಬಗೆಯಿಂದ ಅಳೆಯುತ್ತಾನೆ.

ಇನ್ನು ನನ್ನ ವಾದದ ಎರಡನೆಯ ಅರ್ಧ, ಅಳೆಯುವವರು ಯಾರು ಎಂಬುದು. ಆಂಧ್ರದ ನೆಲದಲ್ಲಿ ನಿಂತು ಆತ್ಮರಕ್ಷಣೆಯ ಮಾತಾಡುವವರು ಈ ಪ್ರಶ್ನೆಯನ್ನು ದಾಟಿ ಹೋಗಲಾರರು. ವಿಶಾಖಪಟ್ಟಣದ ಹಿಂದಿನ ಮನ್ಯಂ ಕಾಡುಗಳಲ್ಲಿ 1922ರಲ್ಲಿ ಅಲ್ಲೂರಿ ಸೀತಾರಾಮರಾಜು ಬ್ರಿಟಿಷರ ವಿರುದ್ಧ ದಂಗೆ ಎದ್ದ. ಠಾಣೆಗಳಿಗೆ ಮುಂಚಿತವಾಗಿ ಮೆಣಸಿನಕಾಯಿ ಕಟ್ಟಿದ ಓಲೆ ಕಳಿಸಿಯೇ ದಾಳಿ ಮಾಡುತ್ತಿದ್ದ ಎಂದು ಜನ ಇಂದಿಗೂ ಹೇಳುತ್ತಾರೆ. 1924ರ ಮೇ 7ರಂದು ಕೊಯ್ಯೂರಿನಲ್ಲಿ ಅವನನ್ನು ಸೆರೆ ಹಿಡಿದ ಮೇಲೆ, ವಿಚಾರಣೆಯಿಲ್ಲದೆ ಗುಂಡಿಟ್ಟು ಕೊಂದರು. ಹೇಳಿ ಹೊಡೆಯುವವನೆಂದು ಹೆಸರಾದವನ ಸಾವಿಗೆ ಯಾರೂ ಕಾರಣ ಹೇಳಬೇಕಾಗಲಿಲ್ಲ. ಸ್ವಾತಂತ್ರ್ಯ ಬಂದ ಮೇಲೂ ಅವೇ ಕಾಡುಗಳಿಂದ ನಕ್ಸಲೀಯರ 'ಎನ್‌ಕೌಂಟರ್' ಸುದ್ದಿಗಳು ದಶಕಗಳ ಕಾಲ ಬಂದವು. ಪೊಲೀಸರ ಮೇಲೆ ಗುಂಡು ಹಾರಿಸಿದರು, ಪೊಲೀಸರು ಆತ್ಮರಕ್ಷಣೆಗಾಗಿ ತಿರುಗಿ ಹಾರಿಸಿದರು ಎಂಬ ವಾಕ್ಯ ಪತ್ರಿಕೆಗಳಲ್ಲಿ ಅಚ್ಚಿನ ಮೊಳೆಯಷ್ಟು ಸಿದ್ಧವಾಗಿರುತ್ತಿತ್ತು. ಎಷ್ಟೋ ಪೊಲೀಸರೂ ಆ ಕಾಡುಗಳಲ್ಲಿ ಸತ್ತಿದ್ದಾರೆ, ಆ ಅಪಾಯ ಸುಳ್ಳಲ್ಲ. ಆದರೆ ಆತ್ಮರಕ್ಷಣೆಯಾಗಿತ್ತು ಎಂದು ಹೇಳುತ್ತಿದ್ದವರೂ, ಹೌದು ಎಂದು ತೀರ್ಮಾನಿಸಿ ಕಡತ ಮುಚ್ಚುತ್ತಿದ್ದವರೂ ಒಂದೇ ಇಲಾಖೆಯವರಾಗಿದ್ದರು.

2009ರ ಫೆಬ್ರವರಿ 6ರಂದು ಆಂಧ್ರಪ್ರದೇಶ ಹೈಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಪೌರಹಕ್ಕುಗಳ ಸಂಘದ ಪ್ರಕರಣದಲ್ಲಿ, ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟಿತು. ಪೊಲೀಸರ ಗುಂಡಿಗೆ ಒಬ್ಬ ಸತ್ತರೆ ಮೊದಲು ಎಫ್‌ಐಆರ್ ದಾಖಲಾಗಬೇಕು. ಆತ್ಮರಕ್ಷಣೆ ಎಂಬುದು ವಿಚಾರಣೆಯಲ್ಲಿ ಆರೋಪಿ ಮಂಡಿಸಿ ರುಜುವಾತು ಮಾಡಬೇಕಾದ ವಾದ. ತನಿಖಾಧಿಕಾರಿ ತಾನೇ ಒಪ್ಪಿಕೊಂಡು ಮುಗಿಸಿಬಿಡುವ ವಿಷಯವಲ್ಲ. ಸುಪ್ರೀಂ ಕೋರ್ಟ್ ಮುಂದಿನ ತಿಂಗಳೇ ಆ ತೀರ್ಪಿಗೆ ತಡೆ ಕೊಟ್ಟಿತು. ಆದರೆ 2014ರ ಸೆಪ್ಟೆಂಬರ್‌ನಲ್ಲಿ, ಪಿಯುಸಿಎಲ್ ಎಂಬ ಪೌರಹಕ್ಕು ಸಂಘಟನೆ ಮತ್ತು ಮಹಾರಾಷ್ಟ್ರ ಸರ್ಕಾರದ ಪ್ರಕರಣದಲ್ಲಿ ಅದೇ ಕೋರ್ಟು 16 ಸೂತ್ರಗಳನ್ನು ಹಾಕಿಕೊಟ್ಟಿತು: ಎಫ್‌ಐಆರ್ ಬೇಕು, ತನಿಖೆ ಸಿಐಡಿಯಿಂದಲೋ ಬೇರೆ ಠಾಣೆಯ ತಂಡದಿಂದಲೋ ಆಗಬೇಕು, ಮ್ಯಾಜಿಸ್ಟ್ರೇಟ್ ವಿಚಾರಣೆ ಬೇಕು. ಬೇರೆ ಠಾಣೆಯ ತಂಡ ಎಂಬ ಆ ಒಂದು ಷರತ್ತಿನಲ್ಲಿ ನನ್ನ ವಾದವೆಲ್ಲ ಅಡಗಿದೆ.

ಮನುಷ್ಯರ ಸಾವನ್ನೂ ಪರದೆಯ ಮೇಲಿನ ಸಾವನ್ನೂ ನಾನು ಒಂದೇ ತಟ್ಟೆಯಲ್ಲಿಡುತ್ತಿಲ್ಲ. ಆಟದಲ್ಲಿ ಸತ್ತವನು ಕೆಲವೇ ನಿಮಿಷಗಳಲ್ಲಿ ಮತ್ತೆ ಎದ್ದು ಬರುತ್ತಾನೆ. ಕಾಡಿನಲ್ಲಿ ಸತ್ತವರು ಬರುವುದಿಲ್ಲ. ಹೋಲಿಕೆ ಇರುವುದು ತರ್ಕದಲ್ಲಿ. ಆ ತರ್ಕವನ್ನು ಹದಿನೈದರ ಹುಡುಗ, ಯಾರ ಪ್ರಾಣಕ್ಕೂ ಕುತ್ತಿಲ್ಲದ ಜಾಗದಲ್ಲಿ, ತನ್ನದೇ ಸಿಟ್ಟು ಭಯಗಳ ನಡುವೆ ಕಲಿಯುವಂತಾಗಿದೆ ಎಂಬುದು ನನಗೆ ಬಹಳ ದೊಡ್ಡ ಸಂಗತಿ. ಪೌರನೀತಿಯ ಪಠ್ಯದಲ್ಲಿ ಸಹಜ ನ್ಯಾಯದ ತತ್ವ ಎಂದು ಬಾಯಿಪಾಠ ಮಾಡಿದ್ದು ಇಲ್ಲಿ ಅವನ ಮೇಲೆಯೇ ಬಂದು ಬೀಳುತ್ತದೆ.

ಅದಕ್ಕೇ ಸರ್ವರಿನ ಅಡ್ಮಿನ್ ತಾನೂ ಆಡುತ್ತಿದ್ದ ಸುತ್ತಿನ ದೂರನ್ನು ತಾನೇ ತೀರ್ಮಾನಿಸಬಾರದು ಎಂಬುದರ ಮೇಲೆ ನನ್ನ ಒತ್ತು ಇಷ್ಟು. ತನ್ನನ್ನು ಕೊಂದವನ ಮೇಲೆ ಅಡ್ಮಿನ್ನೇ ನಿಷೇಧ ಹೇರುವ ಸರ್ವರಿನಲ್ಲಿ ಹೊಸಬರು ಕಲಿಯುವುದು ನಿಯಮವನ್ನಲ್ಲ, ಯಾರನ್ನು ಹೊಡೆಯಬಾರದು ಎಂಬುದನ್ನು. ಇನ್ನೊಬ್ಬ ಅಡ್ಮಿನ್ ಸಿಗುವ ತನಕ ದೂರು ಕಾಯಲಿ.

ಲಾಗ್ ಇದೆಯಲ್ಲ, ಅದನ್ನು ನೋಡಿದರೆ ಮುಗಿಯಿತು ಎನ್ನುವವರಿದ್ದಾರೆ. ಯಾರು ಯಾರಿಗೆ ಎಷ್ಟು ಹೊತ್ತಿಗೆ ಎಷ್ಟು ಹಾನಿ ಮಾಡಿದರು ಎಂಬುದು ಅದರಲ್ಲಿ ದಾಖಲಾಗಿರುತ್ತದೆ, ನಿಜ. ಬಹಳ ಜಗಳಗಳು ಅಲ್ಲೇ ತೀರುತ್ತವೆ. ಆದರೆ ಲಾಗ್ ಗುಂಡನ್ನು ಬರೆದುಕೊಳ್ಳುತ್ತದೆ, ಕಂಡದ್ದನ್ನು ಬರೆದುಕೊಳ್ಳುವುದಿಲ್ಲ. ಗುರಿ ತಪ್ಪಿದ ಗುಂಡು ಹಾನಿಯ ಲೆಕ್ಕದಲ್ಲಿ ಬರುವುದಿಲ್ಲ. ಆದರೆ ಕಿವಿಯ ಪಕ್ಕದಲ್ಲಿ ಹಾದುಹೋದ ಆ ಗುಂಡೇ ತಿರುಗಿ ಹೊಡೆಯಲು ಕಾರಣವಾಗಿರಬಹುದು. ಇಂಟರ್ನೆಟ್ ತಡವರಿಸಿದರೆ ಇಬ್ಬರು ಕಂಡ ಕ್ರಮವೇ ಬೇರೆ ಬೇರೆಯಾಗಿರುತ್ತದೆ. ತೆಲುಗಿನಲ್ಲಿ ಕೂಗಿದ ಎಚ್ಚರಿಕೆ ಕನ್ನಡದ ಹುಡುಗನಿಗೆ ಅರ್ಥವಾಗದೆ ಹೋಗಿರಬಹುದು. ಆದ್ದರಿಂದ ಲಾಗ್ ತೆರೆಯುವ ಮೊದಲೇ ಹೊಡೆದವನನ್ನು ಕೇಳಬೇಕು: ಏನು ಕಂಡೆ, ಏನು ಕೇಳಿದೆ? ಲಾಗ್ ನೋಡಿದ ಮೇಲೆ ಕಥೆ ಕಟ್ಟುವುದು ಸುಲಭ. ನೋಡುವ ಮೊದಲು ಹೇಳಿದ್ದು ಲಾಗ್‌ಗೆ ಹೊಂದಿದರೆ ಅದಕ್ಕೆ ತೂಕ ಹೆಚ್ಚು. ಆತ್ಮರಕ್ಷಣೆಯನ್ನು ಹೇಳಿಕೊಂಡವನೇ ರುಜುವಾತು ಮಾಡಬೇಕು ಎಂಬ ಸಾಕ್ಷ್ಯ ಕಾನೂನಿನ ನಿಯಮ ಇಲ್ಲೂ ಸರಿಹೊಂದುತ್ತದೆ. ಆದರೆ ನ್ಯಾಯಾಲಯಗಳು ಆರೋಪಿಯಿಂದ ಕೇಳುವುದು ಪೂರ್ಣ ಸಾಬೀತನ್ನಲ್ಲ, ಹೆಚ್ಚು ಸಂಭವನೀಯವೆನ್ನಿಸುವ ವಿವರಣೆಯನ್ನು. ಅಡ್ಮಿನ್ನೂ ಅಷ್ಟೇ ಕೇಳಲಿ.

ಇಷ್ಟೊಂದು ಕಟ್ಟಳೆ ಹಾಕಿದರೆ ಆಟದ ಸ್ವಾರಸ್ಯ ಸಾಯುತ್ತದೆ, ದ್ರೋಹಿಗಳು 'ಸಾಕ್ಷಿ ಎಲ್ಲಿ' ಎಂದು ನಿಯಮದ ಮರೆಯಲ್ಲಿ ಅಡಗುತ್ತಾರೆ ಎಂಬ ಆಕ್ಷೇಪ ಹಳೆಯದು, ಗಟ್ಟಿಯೂ ಹೌದು. ಎರಡನೆಯ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಅದೇ ದ್ರೋಹಿಯ ಕಲೆ. ನಿಯಮದ ಮರೆಯಲ್ಲಿ ಅಡಗಿದವನನ್ನು ಮಾತಿನಿಂದ, ಸಾಕ್ಷ್ಯದಿಂದ ಹೊರಗೆಳೆಯುವುದು ನಿರಪರಾಧಿಗಳ ಕಲೆ. ಅನುಮಾನದ ಮೇಲೆ ಹೊಡೆಯಬಹುದೆಂದಾದರೆ ಎರಡು ಕಲೆಗಳೂ ಬೇಕಿಲ್ಲ, ಕೈಚುರುಕೊಂದೇ ಸಾಕು. ಹೆಣವನ್ನು ಪರೀಕ್ಷಿಸಿ ಡಿಎನ್‌ಎ ಗುರುತು ಹಿಡಿಯುವ ಉಪಕರಣವನ್ನು ಪತ್ತೇದಾರನ ಕೈಗೆ ಕೊಟ್ಟಿರುವುದೇಕೆ? ಅದನ್ನು ಬಳಸುವಷ್ಟು ಹೊತ್ತು ಜನ ಬದುಕಿರಲಿ ಎಂದೇ ಅಲ್ಲವೆ.

ಸರ್ಕಾರಗಳಿಗೆ ಆನ್‌ಲೈನ್ ಆಟ ಎಂದರೆ ಈಗಲೂ ಹಣದ ಪ್ರಶ್ನೆ. ಆಂಧ್ರ 2020ರಲ್ಲಿ ತನ್ನ ಜೂಜು ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟುವ ಆಟಗಳನ್ನು ನಿಷೇಧಿಸಿತು. ಕರ್ನಾಟಕದ 2021ರ ತಿದ್ದುಪಡಿಯ ಮುಖ್ಯ ಭಾಗಗಳನ್ನು ನಮ್ಮ ಹೈಕೋರ್ಟ್ ಮರುವರ್ಷ ರದ್ದು ಮಾಡಿತು. 2025ರಲ್ಲಿ ಕೇಂದ್ರವೇ ಕಾಯ್ದೆ ಮಾಡಿ ಹಣದಾಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ಕೊಟ್ಟಿತು. ಅಪ್ಪ ಅಮ್ಮಂದಿರ ಪ್ರಶ್ನೆ ಎಷ್ಟು ಗಂಟೆ ಆಡಿದೆ ಎಂಬಲ್ಲಿಗೆ ನಿಲ್ಲುತ್ತದೆ. ಅದು ಬೇಕಾದ ಪ್ರಶ್ನೆಯೇ. ಆದರೆ ಇಂದು ಯಾರನ್ನಾದರೂ ಹೊಡೆದೆಯಾ, ಯಾಕೆ ಹೊಡೆದೆ, ಅವನು ದ್ರೋಹಿಯೆಂದು ನಿನಗೆ ಹೇಗೆ ಗೊತ್ತಾಯಿತು ಎಂದು ಊಟದ ಹೊತ್ತಿನಲ್ಲಿ ಒಮ್ಮೆ ಕೇಳಿನೋಡಿ. ಮಗಳು ತನ್ನ ಕಾರಣಗಳನ್ನು ಒಂದೊಂದಾಗಿ ಜೋಡಿಸುವುದನ್ನು ಕೇಳುವಿರಿ. ಎಲ್ಲೋ ಒಂದು ಕೊಂಡಿ ಸಡಿಲವಿದ್ದರೆ ಅದು ಅವಳಿಗೇ ಮೊದಲು ಗೊತ್ತಾಗುತ್ತದೆ.

ಸರ್ವರ್ ನಡೆಸುವ ಹುಡುಗರಲ್ಲಿ ಹೆಚ್ಚಿನವರು ಸಂಬಳವಿಲ್ಲದೆ, ಓದಿನ ನಡುವೆ ಸಮಯ ಮಾಡಿಕೊಂಡು ಈ ನ್ಯಾಯ ಪಂಚಾಯಿತಿಯನ್ನು ನಡೆಸುತ್ತಾರೆ. ಅವರಲ್ಲಿ ನನ್ನ ಕೋರಿಕೆ ಒಂದೇ. ಸುತ್ತು ಮುಗಿದು ಗೆದ್ದವರು ಕುಣಿಯುತ್ತಿರುವಾಗ, ಸತ್ತ ದ್ರೋಹಿಯೇ ಬಂದು 'ನಾನು ಏನೂ ಮಾಡುವ ಮೊದಲೇ ಅವನು ಸುಮ್ಮನೆ ಹೊಡೆದ' ಎಂದು ದೂರು ಕೊಟ್ಟರೆ, ನಗದೆ ಆ ದೂರನ್ನು ದಾಖಲಿಸಿಕೊಳ್ಳಿ, ಹೊಡೆದವನನ್ನು ಕರೆದು ಕಾರಣ ಕೇಳಿ.